ಚಿಪ್ ಓದಲು ಎರಡು ನಿಮಿಷ, ಗುರುತಿಸಲು ಒಂದು ಸಂಜೆ

ತಪ್ಪಾಗಿ ಓದಿದರೂ ರೋಮ್ ಚಿಪ್ (ಕರೆಂಟ್ ಹೋದರೂ ಅಳಿಯದ, ಓದುವುದಕ್ಕೆಂದೇ ಇರುವ ಸ್ಮೃತಿ) ದೂರು ಹೇಳುವುದಿಲ್ಲ. ವಿಳಾಸದ ಒಂದು ಗೆರೆ ಸರಿಯಾಗಿ ತಾಗದೆ ಇದ್ದರೂ ಅದು ಏನಾದರೊಂದು ಬೈಟ್ ಕೊಡುತ್ತದೆ, ಚಿಪ್ ಓದುವ ಸಾಧನವಾದ ರೀಡರ್‌ನ ಪ್ರಗತಿ ಪಟ್ಟಿ ಕೊನೆಯವರೆಗೆ ಓಡುತ್ತದೆ, ಫೈಲ್ ಸೇವ್ ಆಗುತ್ತದೆ. ಫೈಲಿನ ಮೊದಲರ್ಧವೇ ಎರಡನೆಯ ಅರ್ಧದಲ್ಲೂ ಮರುಕಳಿಸಿದೆ ಎಂದು ಗೊತ್ತಾಗುವುದು ವರ್ಷಗಳ ನಂತರ, ಮೂಲ ಚಿಪ್ ಸತ್ತ ಮೇಲೆ. ಕೀಬೋರ್ಡ್ ಅಥವಾ ಕಂಪ್ಯೂಟರ್ ಕಳಿಸುವ ಮಿಡಿ ಸಂಕೇತಕ್ಕೆ ವಾದ್ಯಗಳ ದನಿ ನುಡಿಸುವ ಹಳೆಯ ಮಿಡಿ ಸೌಂಡ್ ಮಾಡ್ಯೂಲ್‌ಗಳ ರೋಮ್ ಉಳಿಸುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಯಾವ ರೀಡರ್ ಕೊಳ್ಳಬೇಕೆಂದು. ಅದು ಎರಡನೆಯ ಪ್ರಶ್ನೆ. ಈ ಚಿಪ್ ಯಾವುದು, ಇದರ ಹೊಟ್ಟೆಯಲ್ಲಿ ಏನುಂಟು, ಬೋರ್ಡಿನ ಯಾವ ಜಾಗದಲ್ಲಿ ಕೂತಿತ್ತು ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕಿದರೆ ಓದುವ ಕೆಲಸ ಎರಡು ನಿಮಿಷದ್ದು.

ನಮ್ಮ ಕರಾವಳಿಯಲ್ಲಿ ಈ ಪೆಟ್ಟಿಗೆಗಳು ಅಟ್ಟದ ಮೇಲೆ, ಕಪಾಟಿನ ಅಡಿಯಲ್ಲಿ ಇನ್ನೂ ಉಂಟು. ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ ಬಂದವು, ಆರ್ಕೆಸ್ಟ್ರಾದವರು ಮುಂಬಯಿಯಿಂದ ತಂದವು, ಚರ್ಚಿನ ಗಾಯನವೃಂದಕ್ಕೆ ಯಾರೋ ಕೊಟ್ಟವು. 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಮಾನಕದ 128 ದನಿಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ಸಂಖ್ಯೆ ಎಲ್ಲ ಕಂಪನಿಗೂ ಒಂದೇ, ನಾದ ಮಾತ್ರ ಒಂದೇ ಅಲ್ಲ. ರೋಲ್ಯಾಂಡ್‌ನ ಶಹನಾಯಿ ಬೇರೆ, ಯಮಹಾದ್ದು ಬೇರೆ. ಆ ವ್ಯತ್ಯಾಸ ಇರುವುದು ಆಯಾ ಮಾಡ್ಯೂಲಿನ ವೇವ್ ರೋಮ್‌ನಲ್ಲಿ. ಕ್ರೈಸ್ತ ಮದುವೆಗೆ ಮುಂಚಿನ ರೋಸ್ ಸಂಜೆಯಲ್ಲಿ, ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ಕೇಳಿದ ಒಂದು ನಿರ್ದಿಷ್ಟ ಶಹನಾಯಿ ಮತ್ತೆ ಹಾಗೆಯೇ ಕೇಳಬೇಕಾದರೆ ಆ ಬೈಟ್‌ಗಳೇ ಬೇಕು.

ಮುಚ್ಚಳ ತೆರೆದರೆ ಒಳಗೆ ಕಾಣುವ ಸ್ಮೃತಿ ಒಂದೇ ಬಗೆಯದಲ್ಲ. ಪ್ರೊಸೆಸರ್ ನಡೆಸುವ ಪ್ರೋಗ್ರಾಂ ಇರುವುದು ಕಂಟ್ರೋಲ್ ರೋಮ್‌ನಲ್ಲಿ. ಇದು ಬಹುಪಾಲು ಈಪ್ರೋಮ್, ಅಂದರೆ ಅತಿನೇರಳೆ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ರೋಮ್: ನಡುವೆ ಸ್ಫಟಿಕದ ಕಿಟಕಿ, ಅದರ ಮೇಲೆ ಆವೃತ್ತಿ ಸಂಖ್ಯೆ ಬರೆದ ಸ್ಟಿಕರ್. ವಾದ್ಯಗಳ ದನಿಯ ಮಾದರಿಗಳಿರುವುದು ವೇವ್ ರೋಮ್‌ನಲ್ಲಿ, ಅದು ಸಾಮಾನ್ಯವಾಗಿ ಮಾಸ್ಕ್ ರೋಮ್, ಕಾರ್ಖಾನೆಯಲ್ಲಿಯೇ ಸಿಲಿಕಾನ್‌ನಲ್ಲಿ ಅಚ್ಚು ಹಾಕಿದ್ದು. ಬಳಸಿದವರು ತಾವೇ ಹೊಂದಿಸಿ ಇಟ್ಟ ದನಿಗಳು, ಅಂದರೆ ಪ್ಯಾಚ್‌ಗಳು ಬ್ಯಾಟರಿ ಹಿಡಿದಿಟ್ಟ ರ‍್ಯಾಮ್‌ನಲ್ಲಿರುತ್ತವೆ. ಕೆಲವು ಮಾಡ್ಯೂಲ್‌ಗಳಲ್ಲಿ ಪ್ರೋಗ್ರಾಮಿನ ಒಂದು ಭಾಗ ಪ್ರೊಸೆಸರ್‌ನ ಒಳಗೇ ಅಡಗಿರುತ್ತದೆ. ರೋಲ್ಯಾಂಡ್ ಎಸ್‌ಸಿ-55 ಇದಕ್ಕೆ ಒಳ್ಳೆಯ ಉದಾಹರಣೆ: ಹಿಟಾಚಿ ಎಚ್8/532 ಪ್ರೊಸೆಸರ್‌ನ ಒಳಗೆ 32 ಕಿಲೋಬೈಟ್, ಹೊರಗೆ ಬೇರೆ ಚಿಪ್‌ನಲ್ಲಿ 256 ಕಿಲೋಬೈಟ್ ಕಂಟ್ರೋಲ್ ರೋಮ್, ವೇವ್‌ಗೆ ತಲಾ 1 ಮೆಗಾಬೈಟಿನ ಮೂರು ಮಾಸ್ಕ್ ರೋಮ್. 1993ರ ಎಸ್‌ಸಿ-55 ಮಾರ್ಕ್ 2ರಲ್ಲಿ ವೇವ್ ಎರಡೇ ಚಿಪ್‌ನಲ್ಲಿ, 2 ಮೆಗಾಬೈಟ್ ಮತ್ತು 1 ಮೆಗಾಬೈಟ್. ಹೊರಗೆ ಕಾಣುವ ಚಿಪ್‌ಗಳನ್ನೆಲ್ಲ ಓದಿ ಮುಗಿಯಿತೆಂದು ಮುಚ್ಚಳ ಹಾಕಿದರೆ ಆ ಒಳಗಿನ 32 ಕಿಲೋಬೈಟ್ ಬಾಕಿ ಉಳಿಯುತ್ತದೆ. ಅದನ್ನು ಓದುವ ಕೆಲಸ ಬೇರೆಯೇ ಜಾತಿಯದ್ದು. ಆದರೆ ಬಾಕಿ ಉಂಟೆಂದು ಬರೆದಿಡುವುದು ಎಲ್ಲರಿಂದಲೂ ಆಗುವ ಕೆಲಸ.

ಎಲ್ಲ ಮಾಡ್ಯೂಲಿನಲ್ಲೂ ವೇವ್ ರೋಮ್ ಇರುವುದಿಲ್ಲ. 1987ರ ಯಮಹಾ ಟಿಎಕ್ಸ್81ಝಡ್ ದನಿಯನ್ನು ದಾಖಲಿಸಿಡದೆ ಒಂದು ತರಂಗದಿಂದ ಇನ್ನೊಂದನ್ನು ಅಲುಗಿಸಿ ಹುಟ್ಟಿಸುವ ಎಫ್‌ಎಂ ಪದ್ಧತಿಯದ್ದು, ಅದರ ಎಂಟು ಮೂಲ ತರಂಗಗಳು ಧ್ವನಿ ಚಿಪ್‌ನ ಒಳಗೇ ಹುಟ್ಟುತ್ತವೆ. ಅಲ್ಲಿ ಉಳಿಸಬೇಕಾದ್ದು ಪ್ರೋಗ್ರಾಂ ಮಾತ್ರ. ಅದೇ ವರ್ಷದ ರೋಲ್ಯಾಂಡ್ ಎಂಟಿ-32ರಲ್ಲಿ 64 ಕಿಲೋಬೈಟ್ ಕಂಟ್ರೋಲ್ ಮತ್ತು 512 ಕಿಲೋಬೈಟ್ ಪಿಸಿಎಂ (ದಾಖಲಿಸಿದ ದನಿಯ ಮಾದರಿಗಳ ರೋಮ್) ಎರಡೂ ಉಂಟು. ಅದರ ಬಂಧು ಸಿಎಂ-32ಎಲ್‌ನಲ್ಲಿ ಪಿಸಿಎಂ 1 ಮೆಗಾಬೈಟ್.

ಯಾವುದನ್ನು ಮೊದಲು ಓದಬೇಕು? ವೇವ್ ರೋಮ್ ಎಂದು ಮನಸ್ಸು ಹೇಳುತ್ತದೆ, ನಾದ ಇರುವುದು ಅಲ್ಲಿ ತಾನೆ. ಆದರೆ ಮೊದಲ ಸರದಿ ಈಪ್ರೋಮ್‌ನದ್ದು. ಮಾಸ್ಕ್ ರೋಮ್‌ನ ಬಿಟ್‌ಗಳು ಚಿಪ್‌ನ ರಚನೆಯೇ ಆಗಿರುವುದರಿಂದ ಅವು ಮಾಸುವುದಿಲ್ಲ. ಈಪ್ರೋಮ್‌ನಲ್ಲಿ ಪ್ರತಿ ಬಿಟ್ಟೂ ನಿರೋಧಕ ಪದರದ ನಡುವೆ ಸಿಕ್ಕಿಹಾಕಿಕೊಂಡ ಒಂದಿಷ್ಟು ವಿದ್ಯುದಂಶ, ಅದು ನಿಧಾನವಾಗಿ ಸೋರುತ್ತದೆ. ತಯಾರಕರ ವಿವರಪತ್ರಗಳಾದ ಡೇಟಾಶೀಟ್‌ಗಳು ಭರವಸೆ ಕೊಟ್ಟದ್ದು ಸಾಮಾನ್ಯವಾಗಿ 10 ವರ್ಷಕ್ಕೆ. ಈ ಚಿಪ್‌ಗಳಿಗೆ ಈಗ ಮೂವತ್ತೈದರ ಆಸುಪಾಸು ವಯಸ್ಸು. ಕಿಟಕಿಯ ಸ್ಟಿಕರ್ ಉದುರಿದ್ದರೆ ಅಪಾಯ ಇನ್ನೂ ಹೆಚ್ಚು: ಟ್ಯೂಬ್‌ಲೈಟ್ ಬೆಳಕಿಗೆ ಸದಾ ಒಡ್ಡಿದರೆ ಸುಮಾರು 3 ವರ್ಷದಲ್ಲಿ, ನೇರ ಬಿಸಿಲಿಗೆ ಒಡ್ಡಿದರೆ ಸುಮಾರು ಒಂದು ವಾರದಲ್ಲಿ ಅಳಿಸಿಹೋಗಬಹುದೆಂದು ತಯಾರಕರೇ ಬರೆದಿದ್ದಾರೆ. ಕಿಟಕಿ ಇಲ್ಲದ, ಒಮ್ಮೆ ಮಾತ್ರ ಬರೆಯಬಹುದಾದ ಪ್ಲಾಸ್ಟಿಕ್ ಈಪ್ರೋಮ್‌ಗಳೂ ಉಂಟು. ನೋಡಲು ಮಾಸ್ಕ್ ರೋಮ್‌ನ ಹಾಗೆ, ಸ್ವಭಾವದಲ್ಲಿ ಈಪ್ರೋಮ್. ಅವೂ ಸೋರುತ್ತವೆ.

ಮುಚ್ಚಳ ತೆಗೆಯುವ ಮೊದಲು

ಬ್ಯಾಟರಿಯ ರ‍್ಯಾಮ್‌ನಲ್ಲಿದ್ದ ಪ್ಯಾಚ್‌ಗಳು ಮೊದಲು ಹೊರಗೆ ಬರಲಿ. ಅದಕ್ಕೆ ಚಿಪ್ ಕೀಳಬೇಕಿಲ್ಲ. ಮಾಡ್ಯೂಲಿನಲ್ಲಿ ಸ್ಮೃತಿಯನ್ನೆಲ್ಲ ಹೊರಗೆ ಕಳಿಸುವ ಬಲ್ಕ್ ಡಂಪ್ ಒತ್ತಿ, ಮಿಡಿ ಔಟ್‌ನಿಂದ ಬರುವ ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶವನ್ನು ಕಂಪ್ಯೂಟರ್‌ನಲ್ಲಿ ಹಿಡಿದರೆ ಸಾಕು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ 3,125 ಬೈಟ್. 32 ಕಿಲೋಬೈಟ್ ಸ್ಮೃತಿ ನೇರವಾಗಿ ಬಂದರೆ ಹತ್ತೂವರೆ ಸೆಕೆಂಡ್, ಒಂದು ಬೈಟನ್ನು ಎರಡಾಗಿ ಒಡೆದು ಕಳಿಸುವ ಮಾಡ್ಯೂಲ್ ಆದರೆ ಅದರ ಎರಡರಷ್ಟು. ಫೈಲ್ ಎರಡೇ ಸೆಕೆಂಡಿನಲ್ಲಿ ಮುಗಿದರೆ ಏನೋ ಬಿಟ್ಟುಹೋಗಿದೆ. ಕಡಿಮೆ ಬೆಲೆಯ ಕೆಲವು ಯುಎಸ್‌ಬಿ ಮಿಡಿ ಕೇಬಲ್‌ಗಳು ಉದ್ದದ ಸಂದೇಶವನ್ನು ನಡುವಿನಲ್ಲಿ ತುಂಡರಿಸುತ್ತವೆ. ಆದ್ದರಿಂದ ಎರಡು ಸಲ ಹಿಡಿದು ಹೋಲಿಸಿ, ಸಂದೇಶ ಎಫ್0 ಎಂಬ ಬೈಟಿನಿಂದ ಶುರುವಾಗಿ ಎಫ್7 ಎಂಬ ಬೈಟಿಗೆ ಮುಗಿದಿದೆಯೇ ನೋಡಿ. ಮುಚ್ಚಳ ತೆಗೆದ ಮೇಲೆ ಅಳೆದಾಗ ಆ ರ‍್ಯಾಮ್‌ನ ಸಿಆರ್2032 ಬ್ಯಾಟರಿ 3 ವೋಲ್ಟಿನ ಸುತ್ತ ಇರಬೇಕು. 2.7ಕ್ಕಿಂತ ಕೆಳಗೆ ಇಳಿದಿದ್ದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ.

ಕರೆಂಟ್ ಕೊಡುವಾಗಲೂ ನೋಡಬೇಕಾದ್ದುಂಟು. ಗಲ್ಫಿನಲ್ಲಿ ಕೊಂಡವು ಹೆಚ್ಚಾಗಿ ನಮ್ಮ 230 ವೋಲ್ಟಿಗೆ ಹೊಂದುತ್ತವೆ, ಎಲ್ಲವೂ ಅಲ್ಲ. ಜಪಾನಿನ ಒಳ ಮಾರುಕಟ್ಟೆಯವು 100 ವೋಲ್ಟಿನವು, ನೇರ ಪ್ಲಗ್ಗಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟಂತೆಯೇ. ರೋಲ್ಯಾಂಡ್‌ನ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ನಡುವಿನ ತೂತು ಋಣ, ಹೊರ ಸುತ್ತು ಧನ. ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಹೆಚ್ಚಾಗಿ ಇದಕ್ಕೆ ತಿರುಗಾಮುರುಗ. ಪಿನ್ ಹಿಡಿಸಿತು ಎಂಬ ಒಂದೇ ಕಾರಣಕ್ಕೆ ಚುಚ್ಚಬಾರದು.

ಇನ್ನು ಹವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಮಳೆಗಾಲದ ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಸಮುದ್ರದ ಉಪ್ಪು ಗಾಳಿಗೆ ಸಾಕೆಟ್‌ನ ಕಾಲುಗಳು ಹಸಿರುಗಟ್ಟುತ್ತವೆ, ಬೆಳ್ಳಿ ಲೇಪದ ಹಳೆಯ ಚಿಪ್‌ಗಳ ಕಾಲು ಕಪ್ಪಾಗುತ್ತದೆ. ಸಾಧ್ಯವಾದರೆ ಈ ಕೆಲಸ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡುವುದು ಒಳ್ಳೆಯದು. ಮಳೆಗಾಲದಲ್ಲಿ ಮಾಡಲೇಬೇಕಾದರೆ, ಎಸಿ ಕೋಣೆಯಿಂದ ಹೊರಗೆ ತಂದ ಬೋರ್ಡಿಗೆ ತಕ್ಷಣ ಕರೆಂಟ್ ಕೊಡಬೇಡಿ. ತಂಪು ಲೋಹದ ಮೇಲೆ ನೀರಿನ ಪಸೆ ಕೂತಿರುತ್ತದೆ. ಹವೆಯಲ್ಲಿ ತೇವ ಇರುವಾಗ ಸ್ಥಿರ ವಿದ್ಯುತ್ತಿನ ಕಾಟ ಕಡಿಮೆ ನಿಜ, ಇಲ್ಲವೇ ಇಲ್ಲ ಅಲ್ಲ. 1 ಮೆಗಾಓಮ್ ರೆಸಿಸ್ಟರ್ ಇರುವ ಕೈಪಟ್ಟಿ ಕಟ್ಟಿಕೊಳ್ಳಿ. ಅದಕ್ಕೂ ಮೊದಲು ಗೋಡೆಯ ಅರ್ಥಿಂಗ್ ಜೀವಂತ ಇದೆಯೇ ಎಂದು ಪರೀಕ್ಷಿಸಿ. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ ಹೆಸರಿಗೆ ಮಾತ್ರ ಇರುತ್ತದೆ.

ಗುರುತಿಸುವುದು

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ತೊಲೆ ಯಾವ ಕಂಬದ ಮೇಲಿತ್ತು ಎಂದು ಗೊತ್ತಿಲ್ಲದಿದ್ದರೆ ಬಿಚ್ಚಿ ತಂದದ್ದು ಬರೀ ಮರದ ರಾಶಿ. ಚಿಪ್‌ನ ಮಟ್ಟಿಗೂ ಮೊದಲ ಕೆಲಸ ಫೋಟೋ. ಇಡೀ ಬೋರ್ಡಿನದ್ದು ಒಂದು, ಪ್ರತಿ ರೋಮ್‌ನ ಹತ್ತಿರದ್ದು ಒಂದೊಂದು, ಬೋರ್ಡಿನ ಸಂಖ್ಯೆ ಮತ್ತು ಚಿಪ್ ಕೂತ ಜಾಗಕ್ಕೆ ಬೋರ್ಡಿನಲ್ಲಿ ಕೊಟ್ಟ ಐಸಿ ಸಂಖ್ಯೆ ಓದುವ ಹಾಗೆ. ಚಿಪ್‌ನ ಮೇಲಿನ ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ನೆತ್ತಿಯ ಮೇಲಿಂದ ಹಿಡಿಯದೆ ಬದಿಯಿಂದ, ಬೋರ್ಡಿಗೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ, ಓರೆ ಬೆಳಕಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಲೇಸರ್‌ನಲ್ಲಿ ಕೊರೆದದ್ದಾದರೆ ಸೀಮೆಸುಣ್ಣ ಮೆಲ್ಲಗೆ ಉಜ್ಜಿದರೂ ಓದಲು ಬರುತ್ತದೆ. ಸ್ಟಿಕರ್ ಇರುವಲ್ಲಿ ಮಾತ್ರ ಸ್ಪಿರಿಟ್ ಹಚ್ಚಲೇಬಾರದು, ಕೈಬರಹದ ಶಾಯಿ ಕರಗಿ ಆವೃತ್ತಿ ಸಂಖ್ಯೆಯೇ ಮಾಯವಾಗುತ್ತದೆ.

ಮೇಲೆ ಬರೆದ ಸಂಖ್ಯೆಗಳಲ್ಲಿ ಸಾಮಾನ್ಯವಾಗಿ ಮೂರು ವಿಷಯ ಬೆರೆತಿರುತ್ತವೆ. ಚಿಪ್ ತಯಾರಕರ ಸಂಖ್ಯೆ, ಮಾಡ್ಯೂಲ್ ಕಂಪನಿಯ ಸಂಖ್ಯೆ, ತಯಾರಾದ ವಾರ. 27ಸಿ ನಡುವೆ ಇದ್ದರೆ ಈಪ್ರೋಮ್: 27ಸಿ256 ಎಂದರೆ 256 ಕಿಲೋಬಿಟ್, ಅಂದರೆ 32 ಕಿಲೋಬೈಟ್. ಬಿಟ್ ಮತ್ತು ಬೈಟ್ ಅದಲುಬದಲಾಗಿ ಎಂಟು ಪಟ್ಟು ತಪ್ಪುವುದು ತೀರಾ ಸಾಮಾನ್ಯ. ತೋಶಿಬಾದ ಈಪ್ರೋಮ್ ಟಿಸಿ57 ಎಂದೂ ಅದರದ್ದೇ ಮಾಸ್ಕ್ ರೋಮ್ ಟಿಸಿ53 ಎಂದೂ ಶುರುವಾಗುತ್ತದೆ. ಹಿಟಾಚಿಯ ಮಾಸ್ಕ್ ರೋಮ್ ಎಚ್‌ಎನ್62, ಶಾರ್ಪ್‌ನದ್ದು ಎಲ್‌ಎಚ್53, ಎನ್‌ಇಸಿಯದ್ದು 23ಸಿ, ಫುಜಿತ್ಸುವಿನದ್ದು ಎಂಬಿ83. ರೋಲ್ಯಾಂಡ್ ತನ್ನ ರೋಮ್‌ಗಳಿಗೆ ಆರ್15 ಎಂದು ಶುರುವಾಗುವ ಸಂಖ್ಯೆ ಹಾಕಿಸುತ್ತಿತ್ತು. ಯಮಹಾದ ಸಂಖ್ಯೆ ಎಕ್ಸ್‌ನಿಂದ ಶುರುವಾಗುತ್ತದೆ. 9124 ಎಂಬ ನಾಲ್ಕಂಕಿ ಕಂಡರೆ 1991ರ 24ನೆಯ ವಾರ. ಅದನ್ನೇ ಚಿಪ್‌ನ ಸಂಖ್ಯೆಯೆಂದು ಹುಡುಕುತ್ತ ಕೂತವರಿದ್ದಾರೆ.

ಕಂಪನಿ ಸಂಖ್ಯೆ ಮಾತ್ರ ಇದ್ದು ಯಾವ ಡೇಟಾಶೀಟೂ ಸಿಗದ ಮಾಸ್ಕ್ ರೋಮ್ ಆದರೆ? ಆಗ ಕಾಲು ಎಣಿಸಿ, ಮಲ್ಟಿಮೀಟರ್ ಹಿಡಿಯಿರಿ. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹತ್ತು ನಿಮಿಷ ಇದು. ಕರೆಂಟ್ ತೆಗೆದಿಟ್ಟು, ಬೋರ್ಡಿನ ಮೇಲೆ ಗುರುತಿರುವ ಒಂದು 74 ಸರಣಿಯ 14 ಕಾಲಿನ ಚಿಪ್ ಹುಡುಕಿ. ಅದರ 7ನೆಯ ಕಾಲು ಗ್ರೌಂಡ್, 14ನೆಯದು 5 ವೋಲ್ಟ್. ಅಲ್ಲಿಂದ ರೋಮ್‌ನ ಪ್ರತಿ ಕಾಲಿಗೂ ಬೀಪ್ ನೋಡಿ. 28 ಕಾಲಿನದ್ದಾದರೆ ಗ್ರೌಂಡ್ 14ರಲ್ಲಿ, 5 ವೋಲ್ಟ್ 28ರಲ್ಲಿ ಸಿಗಬೇಕು. 32 ಕಾಲಿನದ್ದಕ್ಕೆ 16 ಮತ್ತು 32. 42 ಕಾಲಿನದ್ದಕ್ಕೆ ಗ್ರೌಂಡ್ ಎರಡು ಕಡೆ, 12 ಮತ್ತು 31ರಲ್ಲಿ, 5 ವೋಲ್ಟ್ 22ರಲ್ಲಿ. ಇಷ್ಟು ಹೊಂದಿದರೆ ಅದು ಹೆಚ್ಚಾಗಿ 27ಸಿ800 ಅಥವಾ 27ಸಿ160 ಈಪ್ರೋಮ್‌ನ ಜೋಡಣೆಯದ್ದು, ಅಂದರೆ ಯಾವ ಕಾಲಿಗೆ ಯಾವ ಕೆಲಸ ಎಂಬ ಕ್ರಮ ಅದರದ್ದೇ.

40 ಕಾಲಿನ 4 ಮೆಗಾಬಿಟ್ ಚಿಪ್‌ನಲ್ಲಿ ಎಚ್ಚರ ಬೇಕು. ಈ ಗಾತ್ರಕ್ಕೆ ಎರಡು ಬೇರೆ ಬೇರೆ ಜೋಡಣೆಗಳುಂಟು. 27ಸಿ400 ಮತ್ತು 27ಸಿ4096 ಎರಡಕ್ಕೂ ಗ್ರೌಂಡ್ 11 ಮತ್ತು 30ರಲ್ಲಿಯೇ. ಆದರೆ 27ಸಿ400ಕ್ಕೆ 5 ವೋಲ್ಟ್ ಬರುವುದು 21ನೆಯ ಕಾಲಿಗೆ, 27ಸಿ4096ಕ್ಕೆ 40ನೆಯ ಕಾಲಿಗೆ. ಮಾಸ್ಕ್ ರೋಮ್‌ಗಳು ಹೆಚ್ಚಾಗಿ ಮೊದಲನೆಯ ಬಗೆ. 40 ಕಾಲು ಕಂಡ ಕೂಡಲೇ ರೀಡರ್‌ನ ಚಿಪ್ ಪಟ್ಟಿಯಲ್ಲಿ ಸಿಕ್ಕಿದ 4096 ಆರಿಸಿದರೆ, 5 ವೋಲ್ಟ್ ಹೋಗಬೇಕಾದ ಕಾಲಿಗೆ ವಿಳಾಸದ ಸಂಕೇತ ಹೋಗುತ್ತದೆ, ವಿಳಾಸದ ಕಾಲಿಗೆ 5 ವೋಲ್ಟ್. ಒಂದು ಬೀಪ್‌ನಿಂದ ತಪ್ಪಿಸಬಹುದಾದ ಅನಾಹುತ.

1 ಮೆಗಾಬಿಟ್‌ನವು ಇನ್ನೊಂದು ಗೊಂದಲ. 128 ಕಿಲೋಬೈಟ್ ಮಾಸ್ಕ್ ರೋಮ್ 28 ಕಾಲಿನಲ್ಲಿಯೇ ಬರುತ್ತದೆ: ಔಟ್‌ಪುಟ್ ಎನೇಬಲ್ (ಬೈಟ್ ಹೊರಗೆ ಬಿಡಲು ಅನುಮತಿ ಕೊಡುವ ಸಂಕೇತ) ಇರಬೇಕಾದ 22ನೆಯ ಕಾಲನ್ನು ಎ16 ಎಂಬ ವಿಳಾಸದ ಗೆರೆಗೆ ಕೊಟ್ಟಿರುತ್ತಾರೆ. ಅದನ್ನು 27ಸಿ512 ಎಂದು ಆರಿಸಿ ಓದಿದರೆ 64 ಕಿಲೋಬೈಟ್ ಚೆಂದವಾಗಿ ಬರುತ್ತದೆ, ಉಳಿದರ್ಧ ಬರುವುದೇ ಇಲ್ಲ. ಓದುವಾಗ 22ನೆಯ ಕಾಲು ಸದಾ ತಗ್ಗಿನಲ್ಲಿರುವುದರಿಂದ ಎರಡನೆಯ ಅರ್ಧಕ್ಕೆ ದಾರಿಯೇ ಇಲ್ಲ. ಇದೇ ಜೋಡಣೆಯನ್ನು ಅನುಸರಿಸುವ 32 ಕಾಲಿನ ಈಪ್ರೋಮ್ ಹಿಟಾಚಿಯ 27ಸಿ301: ಅದರಲ್ಲಿ ಎ16 ಇರುವುದು 24ರಲ್ಲಿ, ಔಟ್‌ಪುಟ್ ಎನೇಬಲ್ 2ರಲ್ಲಿ. ಸಾಮಾನ್ಯ 27ಸಿ010ರಲ್ಲಿ ಇವೆರಡೂ ಅದಲುಬದಲು. ಮಾಸ್ಕ್ ರೋಮ್ ಮತ್ತು ಈಪ್ರೋಮ್ ಎರಡಕ್ಕೂ ಒಂದೇ ತೂತು ಕೊರೆದ ಬೋರ್ಡುಗಳಲ್ಲಿ 301ರ ಬಗೆ ಕಾಣಿಸಿಕೊಳ್ಳುತ್ತದೆ.

ಮಾಡ್ಯೂಲಿನ ಹೆಸರು ಒಂದೇ ಎಂದು ರೋಮ್ ಒಂದೇ ಎಂದುಕೊಳ್ಳಲೂ ಆಗದು. ಎಂಟಿ-32ರಲ್ಲಿ ಹಳೆಯದು, ಹೊಸದು ಎರಡುಂಟು. ಹೆಡ್‌ಫೋನ್ ತೂತು ಇರುವುದು ಹೊಸದು. ಹಳೆಯದರ ಕಂಟ್ರೋಲ್ ರೋಮ್ 1ರ ಸರಣಿ, ಹೊಸದರದ್ದು 2ರ ಸರಣಿ. ಹಳೆಯದಕ್ಕೆ ಸಂದೇಶಗಳನ್ನು ಬೇಗ ಬೇಗ ಕಳಿಸಿದರೆ ಬಫರ್ ತುಂಬಿ ದೋಷ ತೋರಿಸುತ್ತದೆ, ಹೊಸದು ತಡೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರ್ ಆಟಗಳಲ್ಲಿ ಕೆಲವು ಹಳೆಯ ರೋಮ್‌ನ ಗುಣಗಳನ್ನೇ ನಂಬಿ ಬರೆದವು, ಹೊಸದರಲ್ಲಿ ಸರಿಯಾಗಿ ಕೇಳುವುದಿಲ್ಲ. ಆವೃತ್ತಿ ಬರೆಯದೆ "ಎಂಟಿ-32 ರೋಮ್" ಎಂದಷ್ಟೇ ಇಟ್ಟ ಫೈಲ್, ಹೆಸರಿಲ್ಲದ ಡಬ್ಬಿಯ ಹುಡಿಯ ಹಾಗೆ. ಮೂಸಿ ನೋಡಿದರೂ ಏನೆಂದು ಗೊತ್ತಾಗುವುದಿಲ್ಲ.

ಕೀಳುವುದು

ಸಾಕೆಟ್‌ನಲ್ಲಿದ್ದರೆ ಸುಲಭ. ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಚಿಪ್ ಮತ್ತು ಸಾಕೆಟ್ ನಡುವೆ ತೂರಿಸಿ, ಒಂದು ಬದಿಯಿಂದ 1 ಮಿಲಿಮೀಟರ್, ಇನ್ನೊಂದು ಬದಿಯಿಂದ 1 ಮಿಲಿಮೀಟರ್. ಒಂದೇ ಬದಿಯಿಂದ ಎಬ್ಬಿಸಿದರೆ ತುದಿಯ ಕಾಲುಗಳು ಬಗ್ಗುತ್ತವೆ, ನೆಟ್ಟಗೆ ಮಾಡುವಾಗ ಮುರಿಯುತ್ತವೆ. ಸಾಕೆಟ್ ಮತ್ತು ಬೋರ್ಡಿನ ನಡುವೆ ತೂರಿಸಿ ತಾಮ್ರದ ಗೆರೆ ಕಿತ್ತದ್ದೂ ಉಂಟು, ಬೆಳಕು ಹಾಕಿ ನೋಡಿಕೊಂಡೇ ತೂರಿಸಿ. ಕಪ್ಪಾದ ಕಾಲನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಹುಡಿಯನ್ನು ಬ್ರಷ್‌ನಲ್ಲಿ ತೆಗೆಯಿರಿ.

ಬೆಸುಗೆ ಹಾಕಿದ್ದರೆ ಅವಸರ ಬೇಡ ಮಾರಾಯ್ರೆ. ಮೊದಲು ಪ್ರತಿ ಕಾಲಿಗೂ ಹೊಸ 63/37 (ತವರ 63, ಸೀಸ 37) ಬೆಸುಗೆ ಸ್ವಲ್ಪ ಸೇರಿಸಿ. ಅದು 183 ಡಿಗ್ರಿಗೆ ಕರಗುತ್ತದೆ, ಹಳೆಯ ಒಣ ಬೆಸುಗೆಯನ್ನೂ ಜೊತೆಗೆ ಕರಗಿಸುತ್ತದೆ. ಐರನ್ 330ರಿಂದ 350 ಡಿಗ್ರಿ, ಒಂದು ಕಾಲಿಗೆ 2–3 ಸೆಕೆಂಡ್, ಆಮೇಲೆ ಪಂಪ್‌ನಿಂದ ಎಳೆಯುವುದು. ಗ್ರೌಂಡ್ ಮತ್ತು 5 ವೋಲ್ಟ್ ಕಾಲುಗಳು ಅಗಲದ ತಾಮ್ರಕ್ಕೆ ಸೇರಿರುವುದರಿಂದ ಶಾಖ ಕುಡಿಯುತ್ತವೆ, ಅಲ್ಲಿ ಬೆಸುಗೆ ಅರೆಬರೆ ಉಳಿದುಕೊಳ್ಳುತ್ತದೆ. ಕಾಲನ್ನು ತೂತಿನಲ್ಲಿ ಆಚೀಚೆ ಅಲ್ಲಾಡಿಸಿ ನೋಡಿ. 42 ಕಾಲೂ ಸಡಿಲವಾಗುವವರೆಗೆ ಚಿಪ್ಪನ್ನು ಎತ್ತಬಾರದು. ಕಂದು ಬಣ್ಣದ ಕಾಗದದ ಬೋರ್ಡಿನಲ್ಲಿ ತಾಮ್ರ ಬೇಗ ಏಳುತ್ತದೆ, ಒಂದೇ ಜಾಗಕ್ಕೆ ಎರಡನೆಯ ಸಲ ಬಿಸಿ ಕೊಡುವ ಮೊದಲು ಆರಲು ಬಿಡಿ. ಮೇಲ್ಮೈಗೆ ಅಂಟಿಸಿದ ಸಣ್ಣ ಕಾಲಿನ ಚಿಪ್‌ಗಳಿಗೆ ಬಿಸ್ಮತ್ ಬೆರೆತ, ಕಡಿಮೆ ಶಾಖಕ್ಕೆ ಕರಗುವ ಲೋಹ ಸುರಕ್ಷಿತ. ಚಿಪ್ ಎತ್ತಿದ ಮೇಲೆ ಆ ಲೋಹವನ್ನು ಬತ್ತಿಯಿಂದ ಪೂರ್ತಿ ತೆಗೆಯಬೇಕು. ಬೆಸುಗೆಗೆ ಬಿಸಿ ತಾಗಿದಾಗ ಮೀನಿನ ವಾಸನೆ ಬಂದರೆ ಹತ್ತಿರದ ಕೆಪಾಸಿಟರ್ ಸೋರಿದೆ ಎಂದರ್ಥ. ಆ ದ್ರವ ತಾಮ್ರವನ್ನು ತಿನ್ನುತ್ತದೆ, ರೋಮ್‌ನ ಕೆಲಸ ಮುಗಿದ ಕೂಡಲೇ ಅದಕ್ಕೆ ಕೈ ಹಾಕಬೇಕು.

ಕ್ಲಿಪ್ ಹಾಕಿ ಬೋರ್ಡಿನ ಮೇಲೆಯೇ ಓದಬಹುದಲ್ಲ ಎಂಬ ಆಸೆ ಬರುತ್ತದೆ. ರೀಡರ್ ಕೊಟ್ಟ 5 ವೋಲ್ಟ್ ಇಡೀ ಬೋರ್ಡಿಗೆ ಹರಿಯುತ್ತದೆ, ಪ್ರೊಸೆಸರ್ ಅರೆ ಎಚ್ಚರದಲ್ಲಿ ಅದೇ ವಿಳಾಸದ ಗೆರೆಗಳನ್ನು ಹಿಡಿದೆಳೆಯುತ್ತದೆ. ಬರುವುದು ಚಿಪ್‌ನ ಬೈಟೂ ಅಲ್ಲ, ಪೂರ್ತಿ ಕಸವೂ ಅಲ್ಲ, ಎರಡರ ಬೆರಕೆ. ಅದು ಕಸಕ್ಕಿಂತ ಕೆಟ್ಟದ್ದು.

ಓದುವುದು, ನಂಬುವ ಮೊದಲು ಪರೀಕ್ಷಿಸುವುದು

40 ಕಾಲಿನ ಝಿಫ್ ಸಾಕೆಟ್ (ಸನ್ನೆ ಎತ್ತಿ ಚಿಪ್ ಇಟ್ಟು ಬಿಗಿಯುವಂಥದ್ದು) ಇರುವ ಟಿಎಲ್866 ಬಗೆಯ ರೀಡರ್ ಹೆಚ್ಚಿನ ಕಂಟ್ರೋಲ್ ರೋಮ್‌ಗೆ ಸಾಕು. 42 ಕಾಲಿನ ವೇವ್ ರೋಮ್ ಕೂರಿಸಲು ಟಿ48ರ ಹಾಗೆ 48 ಕಾಲಿನ ಸಾಕೆಟ್ ಇರುವುದು, ಇಲ್ಲವೆ ಅಡಾಪ್ಟರ್ ಬೇಕು. ಮಾಸ್ಕ್ ರೋಮ್ ಓದಲು ಅದೇ ಜೋಡಣೆಯ ಈಪ್ರೋಮ್ ಹೆಸರು ಆರಿಸಿ, ಆದರೆ ಚಿಪ್ ಗುರುತು ಪರೀಕ್ಷೆ ಎಂಬ ಟಿಕ್ ಮೊದಲೇ ತೆಗೆಯಿರಿ. ಆ ಪರೀಕ್ಷೆಗೆ ರೀಡರ್ ಎ9 ಕಾಲಿಗೆ 12 ವೋಲ್ಟಿನಷ್ಟು ಕೊಡುತ್ತದೆ. ಈಪ್ರೋಮ್ ಅದಕ್ಕಾಗಿಯೇ ಹುಟ್ಟಿದ್ದು, ಮಾಸ್ಕ್ ರೋಮ್ ಅಲ್ಲ.

ಒಂದು ಓದು ಓದಲ್ಲ. ಮೂರು ಸಲ ಓದಿ, ಪ್ರತಿ ಸಲ ಚಿಪ್ ತೆಗೆದು ಮತ್ತೆ ಕೂರಿಸಿ. ಮೂರರ ಎಸ್‌ಎಚ್‌ಎ-1, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಒಂದೇ ಬಂದರೆ ಕಾಲುಗಳು ಸರಿಯಾಗಿ ತಾಗಿವೆ ಎಂದಾಯಿತು. ಸರಿಯಾದ ಚಿಪ್ ಹೆಸರು ಆರಿಸಿದ್ದೀರಿ ಎಂದಾಗಲಿಲ್ಲ. ಅದಕ್ಕೆ ಫೈಲಿನ ಒಳಗೆ ಕಣ್ಣಾಡಿಸಬೇಕು. ಎಲ್ಲ ಎಫ್‌ಎಫ್ ಅಥವಾ ಎಲ್ಲ 00 ಬಂದರೆ ಚಿಪ್ ಮಾತಾಡಲೇ ಇಲ್ಲ. ಎರಡು ಅರ್ಧ ಒಂದೇ ಆಗಿದ್ದರೆ ಗಾತ್ರ ದೊಡ್ಡದಾಗಿ ಆರಿಸಿದ್ದೀರಿ, ಇಲ್ಲವೆ ಮೇಲಿನ ವಿಳಾಸದ ಕಾಲು ತಾಗಿಲ್ಲ. ಕಂಟ್ರೋಲ್ ರೋಮ್ ಆದರೆ ಪರದೆಯಲ್ಲಿ ಕಾಣುವ ಪದಗಳು, ದನಿಗಳ ಹೆಸರು ಫೈಲಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಓದಲು ಬರಬೇಕು. ಒಂದು ಬಿಟ್ಟು ಒಂದು ಅಕ್ಷರ ಕಾಣಿಸಿದರೆ ಅದು ಜೋಡಿಯ ಒಂದು ಚಿಪ್. ಹಳೆಯ ಎಂಟಿ-32ರ 32 ಕಿಲೋಬೈಟಿನ ಎರಡು ಕಂಟ್ರೋಲ್ ರೋಮ್‌ಗಳನ್ನು ಜಡೆ ಹೆಣೆದಂತೆ, ಇದರದ್ದೊಂದು ಬೈಟ್ ಅದರದ್ದೊಂದು ಬೈಟ್ ಸೇರಿಸಬೇಕು. ಅದರದ್ದೇ ಪಿಸಿಎಂ ಜೋಡಿಯನ್ನು ಹಾಗೆ ಹೆಣೆಯಬಾರದು, ಒಂದರ ಹಿಂದೆ ಒಂದು ಅಂಟಿಸಬೇಕು. ಒಂದೇ ಬೋರ್ಡಿನಲ್ಲಿ ಎರಡು ನಿಯಮ.

ಈಪ್ರೋಮ್‌ನ ಮೂರು ಓದು ಮೂರು ಬಗೆ ಬಂದರೆ ನಿರಾಶೆ ಬೇಡ, ಅದು ಮಾಸುತ್ತಿರುವ ಚಿಪ್, ಪೂರ್ತಿ ಹೋದದ್ದಲ್ಲ. ಬರೆದ ಬಿಟ್ 0, ಖಾಲಿ ಬಿಟ್ 1. ವಿದ್ಯುದಂಶ ಸೋರಿದಾಗ 0 ಎಂಬುದು 1ರ ಕಡೆ ಜಾರುತ್ತದೆ. ಚಿಪ್‌ಗೆ ಕೊಡುವ ವೋಲ್ಟೇಜ್ ಹೆಚ್ಚಿದ್ದಷ್ಟೂ ದುರ್ಬಲ 0 ಬೇಗ 1ರಂತೆ ಕಾಣುತ್ತದೆ. ಆದ್ದರಿಂದ ರೀಡರ್‌ನಲ್ಲಿ ಅವಕಾಶ ಇದ್ದರೆ 5ರ ಬದಲು 4.5 ವೋಲ್ಟಿನಲ್ಲಿ, ಬೇಕಾದರೆ ಇನ್ನೂ ಸ್ವಲ್ಪ ಇಳಿಸಿ ಓದಿ. ಎಷ್ಟೋ ಸಲ ಅಲ್ಲಿ ಸ್ಥಿರವಾದ ಫೈಲ್ ಸಿಗುತ್ತದೆ. ಹಾಗೂ ಒಂದೆರಡು ಬಿಟ್ ಅಲುಗುತ್ತಿದ್ದರೆ, 0 ಬಂದ ಓದನ್ನೇ ಹೆಚ್ಚು ನಂಬಬೇಕು. ಆದರೆ ಎಲ್ಲ ಓದುಗಳನ್ನೂ ಇಟ್ಟುಕೊಳ್ಳಿ, ತೀರ್ಪು ಕೊಟ್ಟದ್ದನ್ನು ಮಾತ್ರ ಅಲ್ಲ.

ವೇವ್ ರೋಮ್ ಫೈಲನ್ನು ಆಡಿಯೋ ತಂತ್ರಾಂಶದಲ್ಲಿ ಕಚ್ಚಾ ಧ್ವನಿಯಾಗಿ ತೆರೆದರೆ ಕೆಲವು ಮಾಡ್ಯೂಲಿನವು ಪಿಯಾನೊ, ಡ್ರಮ್ ಎಂದು ನೇರ ಕೇಳಿಸುತ್ತವೆ. ರೋಲ್ಯಾಂಡ್‌ನವು ಬರೀ ಸುಯ್ ಎಂಬ ಸದ್ದು. ಎಂಟಿ-32ರಲ್ಲಿ ಬಿಟ್‌ಗಳ ಕ್ರಮ ಕಲಸಿದೆ, ಬೆಲೆಗಳು ಲಾಗರಿದಮ್ ಅಳತೆಯಲ್ಲಿವೆ. ಎಸ್‌ಸಿ-55ರಲ್ಲಿ ವಿಳಾಸ, ದತ್ತಾಂಶ ಎರಡೂ ಕಲಸಿವೆ. ಸುಯ್ ಎಂದ ಮಾತ್ರಕ್ಕೆ ಓದು ತಪ್ಪಿತೆಂದಲ್ಲ. ಮುಖ್ಯವಾಗಿ, ಕಲಸಿದ್ದನ್ನು ಬಿಡಿಸಿದ ಪ್ರತಿಯನ್ನು ಮೂಲವೆಂದು ಇಡಬೇಡಿ. ಕಾಲುಗಳಿಂದ ಬಂದದ್ದು ಬಂದ ಹಾಗೆಯೇ ಮೂಲ. ಎಂಟಿ-32ರ ನಾದವನ್ನು ಕಂಪ್ಯೂಟರ್‌ನಲ್ಲಿ ನುಡಿಸುವ ಮಂಟ್ ತಂತ್ರಾಂಶವೂ ಕೇಳುವುದು ಕಚ್ಚಾ ಫೈಲನ್ನೇ, ಗುರುತಿಸುವುದು ಅದರ ಎಸ್‌ಎಚ್‌ಎ-1 ನೋಡಿ. ಹಳೆಯ ಯಂತ್ರಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಮೇಮ್ ಯೋಜನೆಯ ರೋಮ್ ಪಟ್ಟಿಗಳಲ್ಲಿ ಸಿಆರ್‌ಸಿ-32 ಎಂಬ ಇನ್ನೊಂದು ತಾಳೆ ಸಂಖ್ಯೆ ಕೂಡ ಇರುತ್ತದೆ. ನಿಮ್ಮ ಸಂಖ್ಯೆ ಅಲ್ಲಿರುವುದಕ್ಕೆ ಹೊಂದಿದರೆ ಎರಡು ಬೇರೆ ಚಿಪ್, ಎರಡು ಬೇರೆ ರೀಡರ್ ಒಂದೇ ಮಾತು ಹೇಳಿದ ಹಾಗಾಯಿತು. ಹೊಂದದಿದ್ದರೆ ಮತ್ತೆ ಓದಿ. ಮತ್ತೂ ಅದೇ ಬಂದರೆ, ಯಾರೂ ದಾಖಲಿಸದ ಆವೃತ್ತಿಯೊಂದು ನಿಮ್ಮ ಕೈಯಲ್ಲಿರಬಹುದು.

ಇಡುವುದು

ಪ್ರತಿ ಫೈಲಿನ ಪಕ್ಕದಲ್ಲಿ ಒಂದು ಸಾದಾ ಪಠ್ಯ ಫೈಲ್: ಮಾಡ್ಯೂಲಿನ ಹೆಸರು, ಬೋರ್ಡ್ ಸಂಖ್ಯೆ, ಐಸಿ ಸಂಖ್ಯೆ, ಚಿಪ್‌ನ ಮೇಲಿನ ಪ್ರತಿ ಅಕ್ಷರ, ರೀಡರ್ ಯಾವುದು, ಯಾವ ಹೆಸರು ಆರಿಸಿ ಓದಿದ್ದು, ಎಷ್ಟು ವೋಲ್ಟಿನಲ್ಲಿ, ಎಷ್ಟು ಸಲ, ಯಾವ ದಿನ. ಮೂರು ಪ್ರತಿ, ಒಂದು ಮನೆಯಿಂದ ಹೊರಗೆ. ಪೆನ್‌ಡ್ರೈವ್ ಒಂದನ್ನೇ ನೆಚ್ಚಬೇಡಿ. ಅದರೊಳಗೂ ಬಿಟ್ ನಿಂತಿರುವುದು ಈಪ್ರೋಮ್‌ನ ಹಾಗೆಯೇ ಸಿಕ್ಕಿಹಾಕಿಕೊಂಡ ವಿದ್ಯುದಂಶದ ಮೇಲೆ, ಸೋರುವ ಚಿಪ್ಪಿನಿಂದ ತೆಗೆದು ಸೋರುವ ಚಿಪ್ಪಿಗೇ ಹಾಕಿದ ಹಾಗೆ. ಸಿಡಿಗೆ ಈ ಹವೆಯಲ್ಲಿ ಬೂಸ್ಟು ಹಿಡಿಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಇರಲಿ, ವರ್ಷಕ್ಕೊಮ್ಮೆ ಎಲ್ಲ ಪ್ರತಿಗಳ ಎಸ್‌ಎಚ್‌ಎ-1 ತಾಳೆ ನೋಡಿ. ಆ 40 ಅಂಕಿ-ಅಕ್ಷರಗಳನ್ನು ಕಾಗದದಲ್ಲಿ ಮುದ್ರಿಸಿ ಮಾಡ್ಯೂಲಿನ ಮುಚ್ಚಳದ ಒಳಗೆ ಅಂಟಿಸುವುದು ನಮ್ಮ ಪ್ರಕಾರ ಅತ್ಯಂತ ಅಗ್ಗದ ವಿಮೆ.

ಹಂಚುವ ವಿಷಯದಲ್ಲಿ ಕಾನೂನು ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರಿಗೆ ನಷ್ಟ, ಹಾಳಾಗುವಿಕೆಯ ವಿರುದ್ಧ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಊರಿಗೆಲ್ಲ ಹಂಚಲು ಅಲ್ಲ. ಫೈಲ್ ನಿಮ್ಮಲ್ಲಿರಲಿ, ಸಿಆರ್‌ಸಿ, ಎಸ್‌ಎಚ್‌ಎ-1, ಫೋಟೋ, ಆವೃತ್ತಿಯ ವಿವರ ಎಲ್ಲರಿಗೂ ಸಿಗಲಿ. ಗುರುತಿಸುವ ಕೆಲಸಕ್ಕೆ ಬೇಕಾದ್ದು ಅಷ್ಟೇ.

ಬದಲಿ ಚಿಪ್ ಬರೆಯುವಾಗ ವೇಗ ನೋಡಿ. ಹಳೆಯದರ ಕೊನೆಗೆ -15 ಇದ್ದರೆ 150 ನ್ಯಾನೋಸೆಕೆಂಡ್, ಹೊಸದು ಅಷ್ಟೇ ಅಥವಾ ಅದಕ್ಕಿಂತ ಕಡಿಮೆಯದಾಗಬೇಕು. 27ಸಿ256 ಸಿಗದೆ 27ಸಿ512 ಹಾಕುವುದಾದರೆ, ಮೊದಲನೆಯ ಕಾಲು ಅಲ್ಲಿ ವಿಪಿಪಿ (ಬರೆಯುವಾಗಿನ ವೋಲ್ಟೇಜ್), ಇಲ್ಲಿ ಎ15 ವಿಳಾಸ. ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ 5 ವೋಲ್ಟಿಗೆ ಕಟ್ಟಿರುವುದರಿಂದ ಮಾಡ್ಯೂಲ್ ಓದುವುದು ಮೇಲಿನ ಅರ್ಧವನ್ನು ಮಾತ್ರ. ಒಂದೇ 32 ಕಿಲೋಬೈಟನ್ನು ಎರಡು ಸಲ ಬರೆದರೆ ಯಾವ ಚಿಂತೆಯೂ ಇಲ್ಲ. ಆನ್‌ಲೈನ್‌ನಲ್ಲಿ ಬರುವ "ಹೊಸ" ಈಪ್ರೋಮ್‌ಗಳಲ್ಲಿ ಎಷ್ಟೋ ಹಳೆಯದನ್ನು ಉಜ್ಜಿ ಮರುಮುದ್ರಿಸಿದವು. ಬರೆಯುವ ಮೊದಲು ಖಾಲಿ ಪರೀಕ್ಷೆ ಮಾಡಿ, ಎಲ್ಲ ಎಫ್‌ಎಫ್ ಇಲ್ಲದಿದ್ದರೆ ಅತಿನೇರಳೆ ದೀಪದಡಿ 15–20 ನಿಮಿಷ ಇಡಿ. ಬರೆದ ಮೇಲೆ ಕಿಟಕಿಗೆ ಬೆಳಕು ದಾಟದ ಸ್ಟಿಕರ್, ಅದರ ಮೇಲೆ ಆವೃತ್ತಿ. ಬೆಸುಗೆ ಹಾಕಿದ್ದ ಜಾಗಕ್ಕೆ ಕಡೆದ ಪಿನ್‌ನ ಸಾಕೆಟ್ ಕೂರಿಸಿ, ಚಿಪ್‌ನ ಕಚ್ಚು ಬೋರ್ಡಿನ ಗುರುತಿಗೆ ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ನೋಡಿ. ತಿರುಗಿಸಿ ಹಾಕಿದ ಚಿಪ್ ಕೆಲವೇ ಸೆಕೆಂಡಿನಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ.

ತೆಗೆದ ಮೂಲ ಚಿಪ್ಪನ್ನು ಎಸೆಯಬೇಡಿ. ಕಪ್ಪು ವಾಹಕ ಫೋಮ್‌ಗೆ ಚುಚ್ಚಿ, ಐಸಿ ಸಂಖ್ಯೆ ಬರೆದು, ಸಿಲಿಕಾ ಜೆಲ್ ಹಾಕಿದ ಗಾಳಿ ಹೊಗದ ಡಬ್ಬಿಯಲ್ಲಿ ಮಾಡ್ಯೂಲಿನ ಜೊತೆಯಲ್ಲೇ ಇಡಿ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಮಳೆಗಾಲ ಶುರುವಾಗುವ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ.